ದುಡಿಯುವ ಕೈಗಳನ್ನು ಕಾಪಾಡಿಕೊಳ್ಳೋಣ

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತೆಯರು ನೀಡಿದ ಮಾಹಿತಿಯ ಬರಹ ರೂಪ)



ಸಾಮಾನ್ಯವಾಗಿ ಈ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರೆಯುವುದು ಇದರ ಬಗ್ಗೆ ಮಾತಾಡುತ್ತೇವೆ. ಇವತ್ತು ಪುಸ್ತಕ ಮುಚ್ಚಿಡಿ. ಎಲ್ಲರೂ ನಿಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ನಿಮಿಷ ನೋಡಿಕೊಳ್ಳಿ.

ಏನು ಕಾಣ್ತದೆ? ಒಬ್ಬರ ಬೆರಳಿನಲ್ಲಿ ಕತ್ತಿ ತಾಗಿದ ಗಾಯದ ಗುರುತು ಇದೆ. ಒಬ್ಬರ ಅಂಗೈ ಅಡಿಕೆ ಸುಲಿದು ಕಪ್ಪಾಗಿ ಬಿರುಕು ಬಿಟ್ಟಿದೆ. ಒಬ್ಬರ ಕೈ ಮೇಲೆ ಎಣ್ಣೆ ಸಿಡಿದ ಕಲೆ. ಸಿಮೆಂಟ್ ಕೆಲಸಕ್ಕೆ ಹೋಗುವವರ ಬೆರಳ ತುದಿಯಲ್ಲಿ ಗೆರೆಗಳೇ ಸವೆದು ಹೋಗಿವೆ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿದರೆ ಮೆಷಿನ್ ಒಪ್ಪುವುದಿಲ್ಲ. "ಕೆಲಸ ಮಾಡೋ ಕೈ ಅಲ್ವಾ, ಹಾಗೇ ಇರ್ತದೆ ಬಿಡಿ" ಅಂತ ನಾವು ನಗ್ತೇವೆ. ಆದರೆ ನಮ್ಮ ಹತ್ತಿರ ಇರುವ ದೊಡ್ಡ ಬಂಡವಾಳ ಯಾವುದು? ಬ್ಯಾಂಕ್ ಸಾಲವಲ್ಲ, ಸುತ್ತು ನಿಧಿಯೂ ಅಲ್ಲ. ಈ ಎರಡು ಕೈ. ಒಂದೊಂದು ಕೈಯಲ್ಲಿ 27 ಮೂಳೆಗಳಿವೆ. ಅವುಗಳಲ್ಲಿ ಒಂದು ಮುರಿದರೂ ಮಗುವಿನ ಜಡೆ ಹೆಣೆಯುವುದಕ್ಕೂ ಆಗುವುದಿಲ್ಲ.

ನಮ್ಮ ನಡುವೆಯೇ ನಡೆದದ್ದು

ಈ ವಿಷಯವನ್ನು ಇವತ್ತು ಎತ್ತಿಕೊಳ್ಳಲು ಒಂದು ಕಾರಣ ಇದೆ. ನಮ್ಮ ಒಂದು ಸಂಘದ ಅಕ್ಕ ಕಳೆದ ಬೇಸಿಗೆಯಲ್ಲಿ ಶಾವಿಗೆ ಯಂತ್ರಕ್ಕೆ ಕೈ ಕೊಟ್ಟು ಬಲಗೈಯ ತೋರುಬೆರಳಿನ ಎರಡು ಗಂಟು ಕಳೆದುಕೊಂಡರು. ಅವರು ಇಲ್ಲೇ ಕೂತಿದ್ದಾರೆ. "ನನ್ನ ಹೆಸರು ಹೇಳ್ಬೇಡಿ, ಆದ್ರೆ ನಡೆದದ್ದು ಪೂರ್ತಿ ಹೇಳಿ. ಇನ್ನೊಬ್ಬಳಿಗೆ ಹೀಗಾಗೋದು ಬೇಡ" ಅಂತ ಅವರೇ ನಮಗೆ ಹೇಳಿದ್ದಾರೆ. ಆದ್ದರಿಂದ ಹೇಳುತ್ತೇವೆ.

ಐದು ಜನ ಸದಸ್ಯರು ಸೇರಿ ಸಂಘದ ಸಾಲದಲ್ಲಿ ಯಂತ್ರ ತಂದಿದ್ದರು. ಯಂತ್ರದ ಬಾಯಿಗೆ ಒಂದು ಕಂಬಿ ಜಾಲರಿ ಇತ್ತು. ಹಿಟ್ಟನ್ನು ಒಳಗೆ ಒತ್ತಲು ಮರದ ಕೋಲನ್ನೂ ಕೊಟ್ಟಿದ್ದರು. ಮೊದಲ ವಾರದಲ್ಲೇ "ಜಾಲರಿಗೆ ಹಿಟ್ಟು ಅಂಟಿಕೊಳ್ತದೆ, ಕೆಲಸ ಸಾಗೋದಿಲ್ಲ" ಅಂತ ಅದನ್ನು ಬಿಚ್ಚಿ ಮೂಲೆಯಲ್ಲಿಟ್ಟರು. ಆಮೇಲೆ ಕೋಲು ಎಲ್ಲೋ ಹೋಯಿತು. ಕೈಯಲ್ಲೇ ಒತ್ತುವುದು ಅಭ್ಯಾಸವಾಯಿತು. ಒಂದು ದಿನ ಅಲ್ಲ, ಎರಡು ತಿಂಗಳು ಹೀಗೇ ಮಾಡಿದ್ದಾರೆ. ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದರಿಂದಲೇ ಹೆದರಿಕೆ ಹೋಯಿತು.

ಆ ದಿನ ಮದುವೆ ಮನೆಯ ಆರ್ಡರ್ ಇತ್ತು. ಸಂಜೆ ಕರೆಂಟ್ ಹೋಗುವ ಮೊದಲು ಮುಗಿಸಬೇಕು ಅಂತ ಅವಸರ. ಬೆಳಿಗ್ಗೆ ನಾಲ್ಕಕ್ಕೆ ಎದ್ದವರು, ಮಧ್ಯಾಹ್ನ ಊಟಕ್ಕೂ ಕೂತಿರಲಿಲ್ಲ. ಹಿಟ್ಟು ಗಟ್ಟಿಯಾಗಿತ್ತು, ಒಳಗೆ ಇಳಿಯಲಿಲ್ಲ. ಅಕ್ಕ ಬೆರಳಿನಿಂದ ತಳ್ಳಿದರು. ಒಳಗಿನ ತಿರುಪು ಬೆರಳನ್ನು ಎಳೆದುಕೊಂಡಿತು. ಸ್ವಿಚ್ ಅವರ ಬೆನ್ನ ಹಿಂದಿನ ಗೋಡೆಯಲ್ಲಿ, ಎಡಗೈಗೆ ಎಟುಕಲಿಲ್ಲ. ಹೊರಗೆ ಶಾವಿಗೆ ಒಣಗಿಸುತ್ತಿದ್ದವರು ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿ ಹೋಗಿತ್ತು. ಬೆರಳು ಜಜ್ಜಿ ಹೋಗಿದ್ದರಿಂದ ವೈದ್ಯರಿಗೆ ಜೋಡಿಸಲು ಆಗಲಿಲ್ಲ.

ಇದರಲ್ಲಿ ಯಾರ ತಪ್ಪು? "ಅವಳು ಜಾಗ್ರತೆ ಮಾಡ್ಬೇಕಿತ್ತು" ಅಂತ ಊರಲ್ಲಿ ಹಲವರು ಹೇಳಿದರು. ನಾವು ಹಾಗೆ ಹೇಳಲು ತಯಾರಿಲ್ಲ. ಸಾಲ ಕೊಡುವಾಗ ನಾವು ಕೊಟೇಶನ್ ನೋಡಿದೆವು, ಬಿಲ್ ನೋಡಿದೆವು. ಪ್ರತಿ ತಿಂಗಳು ಕಂತು ಕಟ್ಟಿದ್ದಾರಾ ಅಂತ ನೋಡಿದೆವು. ಎರಡು ಸಲ ಘಟಕಕ್ಕೆ ಭೇಟಿ ಕೊಟ್ಟು, ಶಾವಿಗೆ ತಿಂದು, ಫೋಟೋ ತೆಗೆದು ಬಂದೆವು. ಆ ಫೋಟೋದಲ್ಲಿ ಜಾಲರಿ ಇಲ್ಲದ ಯಂತ್ರ ಚೆನ್ನಾಗಿಯೇ ಕಾಣುತ್ತದೆ. ನಮ್ಮಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಇದನ್ನು ನಿಮ್ಮೆದುರು ಒಪ್ಪಿಕೊಂಡು ಮುಂದಿನ ಮಾತು ಹೇಳಬೇಕು ಅಂತ ನಾವು ತೀರ್ಮಾನಿಸಿದ್ದೇವೆ.

ಈ ಅಕ್ಕ ಸಂಘಕ್ಕೆ ಸೇರುವಾಗ ಹೆಬ್ಬೆಟ್ಟು ಒತ್ತುತ್ತಿದ್ದವರು. ಆರು ತಿಂಗಳಲ್ಲಿ ಸಹಿ ಕಲಿತರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಭೆಯಲ್ಲಿ ಪೆನ್ನು ಹಿಡಿಯಲಾಗದೆ ಮತ್ತೆ ಹೆಬ್ಬೆಟ್ಟು ಒತ್ತಿದರು. ಆ ಪುಟ ನಮ್ಮ ಹತ್ತಿರ ಇದೆ.

ಯಂತ್ರದ ಮುಂದೆ ಪಾಲಿಸಬೇಕಾದ ಏಳು ಮಾತು

ಶಾವಿಗೆ ಯಂತ್ರ ಇರಲಿ, ಖಾರದ ಪುಡಿ ಗಿರಣಿ ಇರಲಿ, ಗ್ರೈಂಡರ್, ರೊಟ್ಟಿ ಯಂತ್ರ, ಕಬ್ಬಿನ ಹಾಲಿನ ಗಾಣ, ಮೇವು ಕತ್ತರಿಸುವ ಯಂತ್ರ, ಜೋಳದ ಯಂತ್ರ ಯಾವುದೇ ಇರಲಿ, ಈ ಮಾತುಗಳು ಎಲ್ಲದಕ್ಕೂ ಒಂದೇ.

1. ತಿರುಗುವ ಭಾಗಕ್ಕೆ ಮುಚ್ಚಳ, ಜಾಲರಿ, ಬೆಲ್ಟಿಗೆ ಕವಚ ಇರಲೇಬೇಕು. ಅದರಿಂದ ಕೆಲಸ ನಿಧಾನ ಆಗ್ತದೆ ಅಂದರೆ ಯಂತ್ರ ಮಾರಿದವರನ್ನು ಕರೆದು ಸರಿಪಡಿಸಿಕೊಳ್ಳಿ. ನೀವಾಗಿ ಬಿಚ್ಚಿ ಇಡಬೇಡಿ.

2. ಒಳಗೆ ತಳ್ಳಲು ಮರದ ಕೋಲು ಬಳಸಿ. ಕೋಲನ್ನು ದಾರದಲ್ಲಿ ಹತ್ತಿರದ ಗೋಡೆಗೆ ಕಟ್ಟಿಡಿ, ಕಳೆದು ಹೋಗದ ಹಾಗೆ. ಆದರೆ ದಾರ ಯಂತ್ರದ ಬಾಯಿಗೆ ತಲುಪುವಷ್ಟು ಉದ್ದ ಇರಬಾರದು. ಇಲ್ಲವಾದರೆ ಎರಡು ಕೋಲು ಇಟ್ಟುಕೊಳ್ಳಿ.

3. ಸ್ವಿಚ್ ಕೈಗೆ ಎಟುಕುವ ಜಾಗದಲ್ಲಿ ಇರಲಿ. ಬಲಗೈ ಸಿಕ್ಕಿಕೊಂಡರೆ ಎಡಗೈಯಲ್ಲಿ ಆರಿಸಲು ಬರುತ್ತದಾ ಅಂತ ನಿಂತು ನೋಡಿ. ಬರದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಜಾಗ ಬದಲಿಸಿ. ಇದಕ್ಕೆ ಆಗುವ ಖರ್ಚು ಒಂದು ಆರ್ಡರಿನ ಲಾಭಕ್ಕಿಂತ ಹೆಚ್ಚಲ್ಲ.

4. ತೊಳೆಯುವಾಗ, ಸಿಕ್ಕಿಕೊಂಡದ್ದನ್ನು ತೆಗೆಯುವಾಗ, ಬ್ಲೇಡ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಕರೆಂಟ್ ಹೋದಾಗ ಯಂತ್ರ ನಿಂತಿದೆ ಅಂತ ಕೈ ಹಾಕಿದವರಿಗೆ ಕರೆಂಟ್ ಬಂದ ಕೂಡಲೇ ಅಪಾಯ ಆಗ್ತದೆ. ಕರೆಂಟ್ ಹೋದ ತಕ್ಷಣ ಸ್ವಿಚ್ ಆರಿಸುವುದು ರೂಢಿಯಾಗಲಿ. ಆರಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಾ ಇರುತ್ತದೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ.

5. ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದು ಹಾಕುತ್ತದೆ. "ಕೈ ಬರಿದು ಮಾಡೋದು ಹ್ಯಾಗೆ, ಅಶುಭ ಅಲ್ವಾ" ಅಂತ ಕೆಲವರು ಕೇಳ್ತಾರೆ. ಕೆಲಸ ಮುಗಿದ ಮೇಲೆ ಹಾಕಿಕೊಳ್ಳಲು ಕೈ ಉಳಿದಿರಬೇಕಲ್ಲಾ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಏಪ್ರನ್ ಕಟ್ಟಿ. ಜಡೆಯನ್ನು ಮೇಲಕ್ಕೆ ಕಟ್ಟಿ ಬಟ್ಟೆ ಸುತ್ತಿ. ಚೂಡಿದಾರದ ದುಪಟ್ಟಾ ತೆಗೆದಿಡಿ.

6. ಯಂತ್ರ ನಡೆಯುವಾಗ ಇಬ್ಬರು ಇರಲಿ. ಒಬ್ಬರೇ ಇರುವಾಗ ಯಂತ್ರ ಚಾಲೂ ಮಾಡಬೇಡಿ. ಕಿವಿಗೆ ಮೊಬೈಲ್ ಹಿಡಿದು ಯಂತ್ರಕ್ಕೆ ಕೈ ಹಾಕಬೇಡಿ.

7. ಮಕ್ಕಳನ್ನು ಘಟಕದೊಳಗೆ ಬಿಡಬೇಡಿ. ಮೇವು ಕತ್ತರಿಸುವ ಯಂತ್ರದ ಚಕ್ರ ಮಕ್ಕಳಿಗೆ ಆಟದ ಸಾಮಾನಿನಂತೆ ಕಾಣುತ್ತದೆ. ಕೆಲಸ ಇಲ್ಲದಾಗ ಅದಕ್ಕೆ ಸರಪಳಿ ಹಾಕಿ ಬೀಗ ಹಾಕಿಡಿ.

ಒಂದು ಮುಖ್ಯ ಮಾತು. ಕೈಗವಸು ಹಾಕಿದರೆ ಎಲ್ಲಾ ಕಡೆ ಕ್ಷೇಮ ಅಂತ ತಿಳಿಯಬೇಡಿ. ತಿರುಗುವ ಯಂತ್ರದ ಹತ್ತಿರ ಕೈಗವಸು ಹಾಕಲೇಬಾರದು. ಗವಸಿನ ತುದಿ ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತದೆ. ಬಿಸಿ, ಎಣ್ಣೆ, ಸೋಡಾ, ಸಿಮೆಂಟ್ ಇವುಗಳ ಕೆಲಸಕ್ಕೆ ಕೈಗವಸು ಬೇಕೇ ಬೇಕು.

ಯಂತ್ರವಿಲ್ಲದ ಕೆಲಸದಲ್ಲೂ ಅಪಾಯ ಇದೆ

ಅಡಿಕೆ ಸುಲಿತ: ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತೇವೆ. ಲೆಕ್ಕದ ಮೇಲೆ ಕೂಲಿ, ಹಾಗಾಗಿ ಕೈ ಓಡಿಸುತ್ತೇವೆ. ನಿದ್ದೆಗಣ್ಣಿನಲ್ಲಿ ಕತ್ತಿಗೆ ಬೆರಳು ಕೊಡುತ್ತೇವೆ. ಮೊಂಡು ಕತ್ತಿಯಿಂದ ಅಪಾಯ ಕಡಿಮೆ ಅನ್ನುವುದು ತಪ್ಪು. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕುತ್ತೇವೆ, ಜಾರಿದರೆ ಗಾಯ ಆಳವಾಗುತ್ತದೆ. ಕತ್ತಿ ಹರಿತ ಇರಲಿ, ಬೆಳಕು ಎದುರಿನಿಂದ ಬರಲಿ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ತೂಕಡಿಕೆ ಬಂದರೆ ಎದ್ದು ಮುಖ ತೊಳೆದು ಬನ್ನಿ. ಎದ್ದು ಹೋಗುವಾಗ ಕತ್ತಿಯ ಬಾಯಿ ಮುಚ್ಚಿಡಿ.

ಗೇರುಬೀಜ: ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಹೆಚ್ಚಿನವರು ಹೆಂಗಸರೇ. ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ, ಕಪ್ಪು ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಕೈಗವಸು ಹಾಕಿದರೆ ತಿರುಳು ಬಿಡಿಸುವ ವೇಗ ಕಡಿಮೆ ಆಗ್ತದೆ, ಕೂಲಿ ಕಡಿಮೆ ಆಗ್ತದೆ ಅಂತ ಹಾಕುವುದಿಲ್ಲ. ಈ ಕಷ್ಟ ನಮಗೆ ಗೊತ್ತಿದೆ. ಕಡೇ ಪಕ್ಷ ಕೆಲಸಕ್ಕೆ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ, ಕೆಲಸದ ನಡುವೆ ಮುಖ ಕಣ್ಣು ಮುಟ್ಟಬೇಡಿ, ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ. ಒಳ್ಳೆಯ ಕೈಗವಸು ಕೊಡುವುದು ಮಾಲೀಕರ ಜವಾಬ್ದಾರಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಹತ್ತು ಜನ ಸೇರಿ ಕೇಳಿ.

ಸೋಪು, ಫಿನಾಯಿಲ್ ತಯಾರಿ: ತರಬೇತಿ ಪಡೆದು ಅನೇಕ ಸಂಘಗಳು ಇದನ್ನು ಮಾಡುತ್ತಿವೆ. ಸೋಪಿಗೆ ಹಾಕುವ ಕಾಸ್ಟಿಕ್ ಸೋಡಾ ಕೈ ಮೇಲೆ ಬಿದ್ದರೆ ಆಳವಾಗಿ ಸುಡುತ್ತದೆ. ಇದಕ್ಕೊಂದು ನಿಯಮ ಇದೆ, ಬಾಯಿಪಾಠ ಮಾಡಿಕೊಳ್ಳಿ: ಮೊದಲು ನೀರು, ಆಮೇಲೆ ಸೋಡಾ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬಳಸಲೇಬಾರದು. ಉದ್ದ ಕೈಯ ರಬ್ಬರ್ ಗವಸು ಮತ್ತು ಕಣ್ಣಿಗೆ ಕನ್ನಡಕ ಬೇಕು. ಮೈಮೇಲೆ ಬಿದ್ದರೆ ನಿಂಬೆಹಣ್ಣು ಹಚ್ಚುತ್ತಾ ಕೂರಬೇಡಿ. ಇಪ್ಪತ್ತು ನಿಮಿಷ ನಲ್ಲಿ ನೀರಿನಲ್ಲಿ ಹಿಡಿಯಿರಿ. ಹಾಗೆಯೇ ಬ್ಲೀಚಿಂಗ್ ಪೌಡರನ್ನೂ ಟಾಯ್ಲೆಟ್ ತೊಳೆಯುವ ಆಸಿಡನ್ನೂ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಹೊಲಿಗೆ: ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಬೆರಳಿಗೆ ಸೂಜಿ ಇಳಿದ ಅನುಭವ ಇರಬಹುದು. ಸೂಜಿಯ ಎದುರಿನ ಬೆರಳು ಕಾಯುವ ಕಂಬಿಯನ್ನು ತೆಗೆಯಬೇಡಿ. ದಾರ ಪೋಣಿಸುವಾಗ ಪೆಡಲಿನಿಂದ ಕಾಲು ತೆಗೆದು ಮೋಟಾರ್ ಆರಿಸಿ. ಸೂಜಿ ಮುರಿದರೆ ಎಲ್ಲಾ ಚೂರು ಸಿಕ್ಕಿತಾ ಅಂತ ಜೋಡಿಸಿ ನೋಡಿ. ಚೂರು ಬೆರಳಿನೊಳಗೆ ಉಳಿದಿರಬಹುದು ಅನ್ನಿಸಿದರೆ ಎಕ್ಸ್‌ರೇ ಮಾಡಿಸಿ.

ಸಿಮೆಂಟ್: ಹಸಿ ಸಿಮೆಂಟಿನಲ್ಲಿ ಸುಣ್ಣದಂತೆ ಸುಡುವ ಗುಣ ಇದೆ. ಬರಿಗೈಯಲ್ಲಿ ಕಲಸಬೇಡಿ. ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆಯುವ ಅಭ್ಯಾಸ ಬಿಡಿ. ಸೋಪಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ.

ಅಪಘಾತ ಆಗಿಯೇ ಬಿಟ್ಟರೆ

ಕೈ ಸಿಕ್ಕಿಕೊಂಡಿದ್ದರೆ: ಮೊದಲು ಕರೆಂಟ್ ಆರಿಸಿ. ಗಾಬರಿಯಲ್ಲಿ ಕೈ ಹಿಡಿದು ಎಳೆಯಬೇಡಿ, ಉಳಿಯುವ ಬೆರಳೂ ಹೋಗುತ್ತದೆ. ಯಂತ್ರ ಬಲ್ಲವರನ್ನು ಕರೆಸಿ ನಟ್ಟು ಬಿಚ್ಚಿಸಿ. ಸಾಧ್ಯವಾಗದಿದ್ದರೆ ಆ ಭಾಗದ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನ್ ಮಾಡಿ.

ರಕ್ತ ಹರಿಯುತ್ತಿದ್ದರೆ: ಶುದ್ಧವಾದ ಬಟ್ಟೆ ಮಡಿಸಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ. ಹತ್ತು ನಿಮಿಷ ಬಿಡದೆ ಒತ್ತಬೇಕು, ಮಧ್ಯೆ ಮಧ್ಯೆ ಬಿಚ್ಚಿ ನೋಡಬಾರದು. ಕಾಫಿ ಪುಡಿ, ಸುಣ್ಣ, ನಶ್ಯ, ಅರಿಶಿನ ಏನೂ ತುಂಬಬೇಡಿ. ಬೆರಳಿಗೆ ದಾರ ಬಿಗಿದು ಕಟ್ಟಬೇಡಿ. ಉಂಗುರ ಇದ್ದರೆ ಊತ ಬರುವ ಮುಂಚೆ ತೆಗೆಯಿರಿ. ಸಣ್ಣ ಗಾಯವಾದರೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಬೆರಳು ತುಂಡಾಗಿದ್ದರೆ: ತುಂಡನ್ನು ಹುಡುಕಿ, ಎಸೆಯಬೇಡಿ. ಮಣ್ಣಾಗಿದ್ದರೆ ಶುದ್ಧ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸು ಮತ್ತು ನೀರು ಇರುವ ಇನ್ನೊಂದು ಕವರ್ ಅಥವಾ ಡಬ್ಬಿಯಲ್ಲಿ ಇಡಿ. ತುಂಡಿಗೆ ಐಸು ನೇರವಾಗಿ ತಾಗಬಾರದು, ತುಂಡು ನೀರಲ್ಲಿ ಮುಳುಗಲೂಬಾರದು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಪ್ಲಾಸ್ಟಿಕ್ ಸರ್ಜರಿ ವೈದ್ಯರಿರುವ ದೊಡ್ಡ ಆಸ್ಪತ್ರೆ ನಿಮ್ಮ ಜಿಲ್ಲೆಯಲ್ಲಿ ಯಾವುದು ಅಂತ ಇವತ್ತೇ ತಿಳಿದು ಬರೆದಿಟ್ಟುಕೊಳ್ಳಿ.

ಸುಟ್ಟಿದ್ದರೆ: ಬಳೆ, ಉಂಗುರ ತೆಗೆದು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಐಸು ಬೇಡ, ಟೂತ್‌ಪೇಸ್ಟ್ ಬೇಡ, ಶಾಯಿ ಬೇಡ. ಗುಳ್ಳೆ ಒಡೆಯಬೇಡಿ. ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ.

ಹಣದ ಮಾತು

ಕೈಗೆ ಬೆಲೆ ಕಟ್ಟಲು ಆಗದು. ಆದರೂ ಕಾನೂನು ಒಂದು ಲೆಕ್ಕ ಹಾಕಿದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 30 ಶೇಕಡಾ ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ಮಧ್ಯದ ಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7 ಅಂತ ಬರೆದಿದ್ದರು. ಕೂಲಿಗೆ ಹೋದ ಜಾಗದಲ್ಲಿ ಕೆಲಸದಿಂದ ಗಾಯವಾದರೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ನಮಗಿದೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಪರಿಹಾರದ ಹಕ್ಕು ಅದರಲ್ಲೂ ಇದೆ. ಇ.ಎಸ್.ಐ. ಇರುವ ಕಡೆ ಕೆಲಸ ಮಾಡುವವರಿಗೆ ಚಿಕಿತ್ಸೆಯ ಜೊತೆಗೆ, ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ 90 ಶೇಕಡಾ ಸಿಗುತ್ತದೆ. ಗಾಯವಾದ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಸಿ, ಆಸ್ಪತ್ರೆಯ ಚೀಟಿ ಜೋಪಾನ ಮಾಡಿ. "ಮನೆಯಲ್ಲಿ ಆಯ್ತು ಅಂತ ಹೇಳು" ಅಂತ ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮಗೆ ಗೊತ್ತಿದೆ. 2015ರಲ್ಲಿ ಶುರುವಾದದ್ದು. 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಕಡಿತವಾಗುತ್ತದೆ. 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಒಂದು ಕೈ ಪೂರ್ತಿ ನಿರುಪಯೋಗವಾದರೆ 1 ಲಕ್ಷ, ಎರಡೂ ಕೈಯಾದರೆ 2 ಲಕ್ಷ. ಎಲ್ಲರೂ ಸೇರಲೇಬೇಕು. ಆದರೆ ಒಂದೆರಡು ಬೆರಳು ಹೋದರೆ ಇದರಲ್ಲಿ ಹಣ ಬರುವುದಿಲ್ಲ. ನಮ್ಮ ಅಕ್ಕನಿಗೂ ಬರಲಿಲ್ಲ.

ಇನ್ನು ನಮ್ಮ ಸ್ವಂತ ಘಟಕ. ಅಲ್ಲಿ ಮಾಲೀಕರೂ ನಾವೇ, ಆಳೂ ನಾವೇ. ಪರಿಹಾರ ಕೇಳುವುದು ಯಾರನ್ನು? ನಾಲ್ಕೈದು ಜನರ ಘಟಕವನ್ನು ನೋಡಲು ಕಾರ್ಖಾನೆ ಇನ್ಸ್‌ಪೆಕ್ಟರ್ ಬರುವುದಿಲ್ಲ. ಹಾಗಾಗಿ ನಮಗೆ ನಾವೇ ಇನ್ಸ್‌ಪೆಕ್ಟರ್ ಆಗಬೇಕು.

ಇವತ್ತಿನ ತೀರ್ಮಾನಗಳು

ಒಕ್ಕೂಟದ ಪದಾಧಿಕಾರಿಗಳ ಜೊತೆ ಚರ್ಚಿಸಿ ಈ ಕೆಲವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಒಪ್ಪಿಗೆಯಾದರೆ ನಡಾವಳಿಯಲ್ಲಿ ಬರೆಯೋಣ.

• ಯಂತ್ರಕ್ಕೆ ಸಾಲ ಕೊಡುವ ಮೊದಲು ಮುಚ್ಚಳ, ಸ್ವಿಚ್, ಬೆಳಕು, ಜಾಗ ಈ ನಾಲ್ಕನ್ನು ಇಬ್ಬರು ಸದಸ್ಯರು ನೋಡಿ ಸಹಿ ಹಾಕಬೇಕು.

• ಸಂಸ್ಥೆಯ ಕಾರ್ಯಕರ್ತೆಯರು ಘಟಕ ಭೇಟಿಗೆ ಹೋದಾಗ ಮೊದಲು ಯಂತ್ರ ನೋಡಬೇಕು, ಆಮೇಲೆ ಪುಸ್ತಕ. ಇದು ನಮಗೆ ನಾವೇ ಹಾಕಿಕೊಂಡ ನಿಯಮ.

• ಪ್ರತಿ ಘಟಕದಲ್ಲಿ ಒಂದು ಪ್ರಥಮ ಚಿಕಿತ್ಸೆ ಡಬ್ಬಿ ಇರಲಿ. ಶುದ್ಧ ಬಟ್ಟೆ, ಬ್ಯಾಂಡೇಜ್, ಕತ್ತರಿ, ಎರಡು ಪ್ಲಾಸ್ಟಿಕ್ ಕವರ್, ಫೋನ್ ನಂಬರ್ ಬರೆದ ಚೀಟಿ ಸಾಕು.

• ತಿಂಗಳ ಸಭೆಯಲ್ಲಿ ಐದು ನಿಮಿಷ "ಈ ತಿಂಗಳು ಕೈಗೆ ಏನಾಯ್ತು" ಅಂತ ಕೇಳಬೇಕು. ಗಾಯ ಆಗದೆ ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಹೇಳಬೇಕು. ನಾಚಿಕೆ ಬೇಡ, ಯಾರೂ ಬೈಯಬಾರದು. ಸ್ವಲ್ಪದರಲ್ಲಿ ತಪ್ಪಿದ್ದು ಮುಂದಿನ ಸಲ ತಪ್ಪದೆ ಹೋಗಬಹುದು.

• ಆರ್ಡರ್ ಒಪ್ಪಿಕೊಳ್ಳುವಾಗ ಎಷ್ಟು ದಿನ ಬೇಕು ಅಂತ ಸರಿಯಾಗಿ ಹೇಳೋಣ. ಊಟದ ಹೊತ್ತಿಗೆ ಯಂತ್ರ ನಿಲ್ಲಿಸೋಣ.

ಶಾವಿಗೆ ಘಟಕ ಮುಚ್ಚಿಲ್ಲ. ಸಂಘವು ಅವರ ಕಂತನ್ನು ಮೂರು ತಿಂಗಳು ಮುಂದೂಡಿತು. ಮೂಲೆಯಲ್ಲಿದ್ದ ಜಾಲರಿಯನ್ನು ತೊಳೆದು ಮತ್ತೆ ಕೂರಿಸಿದ್ದಾರೆ. ಹಿಟ್ಟನ್ನು ಸ್ವಲ್ಪ ಮೆತ್ತಗೆ ಕಲಸಿದರೆ ಜಾಲರಿಗೆ ಅಂಟುವುದಿಲ್ಲ ಅಂತ ಈಗ ಗೊತ್ತಾಗಿದೆ. ದಿನಕ್ಕೆ ಒಂದೆರಡು ಕಿಲೋ ಕಡಿಮೆ ಆಗ್ತದೆ, ಅಷ್ಟೇ. ಅಕ್ಕ ಈಗ ಹೊಸಬರಿಗೆ ಕೆಲಸ ಕಲಿಸುತ್ತಾರೆ. ಯಾರಾದರೂ ಯಂತ್ರದ ಬಾಯಿಗೆ ಕೈ ತಂದರೆ ಅವರು ಬೈಯುವುದಿಲ್ಲ. ತಮ್ಮ ಬಲಗೈ ಎತ್ತಿ ತೋರಿಸುತ್ತಾರೆ.

ಕಳೆದ ತಿಂಗಳಿನಿಂದ ಅವರು ಪೆನ್ನನ್ನು ಹೆಬ್ಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಹಿಡಿದು ಮತ್ತೆ ಸಹಿ ಹಾಕುತ್ತಿದ್ದಾರೆ. ಅಕ್ಷರ ಸ್ವಲ್ಪ ಓರೆ ಬರುತ್ತದೆ. ಇವತ್ತಿನ ನಡಾವಳಿಗೆ ಮೊದಲ ಸಹಿ ಅವರೇ ಹಾಕಬೇಕು ಅಂತ ನಮ್ಮೆಲ್ಲರ ಕೋರಿಕೆ. ನಂತರ ಒಬ್ಬೊಬ್ಬರಾಗಿ ನಾವೂ ಹಾಕೋಣ.